ಕೈಗೆ ಸಿಗುವ ಕೊಬ್ಬು, ಸಿಗದ ಕೊಬ್ಬು

ಲಿಪೊಸಕ್ಷನ್ ಮಾಡಿಸಿಕೊಳ್ಳಬೇಕೆಂದು ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗುವವರು ಸಾಮಾನ್ಯವಾಗಿ ಜಾಗವನ್ನು ಮೊದಲೇ ನಿಶ್ಚಯ ಮಾಡಿಕೊಂಡಿರುತ್ತಾರೆ. ಹೊಟ್ಟೆ, ಸೊಂಟದ ಪಕ್ಕದ ಮಡಿಕೆ, ತೊಡೆಯ ಹೊರಬದಿ, ರವಿಕೆಯ ತೋಳು ಬಿಗಿಯಾಗುವ ಜಾಗ, ಗದ್ದದ ಕೆಳಗಿನ ಜೋಲು, ಗಂಡಸರಾದರೆ ಎದೆ. ಈ ನಿಶ್ಚಯವೆಲ್ಲ ಕನ್ನಡಿಯ ಮುಂದೆ ಆದದ್ದು. ಆದರೆ ಕನ್ನಡಿ ತೋರಿಸುವುದು ಹೊರಗಿನ ಆಕಾರವನ್ನು ಮಾತ್ರ. ಆ ಆಕಾರ ಮೂಡುವುದರಲ್ಲಿ ಚರ್ಮ, ಚರ್ಮದಡಿಯ ಕೊಬ್ಬು, ಸ್ನಾಯು, ಮೂಳೆ, ಹೊಟ್ಟೆಯ ಗೋಡೆಯ ಒಳಗೆ ಕುಳಿತ ಇನ್ನೊಂದು ಬಗೆಯ ಕೊಬ್ಬು ಇವೆಲ್ಲಕ್ಕೂ ಪಾಲಿದೆ. ಕೊಳವೆ ತೂರಿಸಿ ಹೀರಲು ಬರುವುದು ಇವುಗಳಲ್ಲಿ ಒಂದನ್ನೇ. ಹಾಗಾಗಿ ಎಲ್ಲಿಂದ ತೆಗೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ದೇಹದ ಪದರಗಳಲ್ಲಿ ಮತ್ತು ಕೊಬ್ಬಿನ ಸ್ವಭಾವದಲ್ಲಿ. ಹಾಗೆ ಹುಡುಕುತ್ತ ಹೋದರೆ ತೆಗೆಯಬಹುದಾದ ಜಾಗಗಳ ಪಟ್ಟಿ ಚಿಕ್ಕದಾಗುತ್ತದೆ, ತೆಗೆಯಬೇಕಾದ ಪ್ರಮಾಣವೂ ಇಳಿಯುತ್ತದೆ, ಎಲ್ಲರೂ ಮೊದಲು ಬೆರಳಿಟ್ಟು ತೋರಿಸುವ ಹೊಟ್ಟೆಗೆ ಬಹಳ ಸಲ ‘ಬೇಡ’ ಎಂಬ ಉತ್ತರವೇ ಸಿಗುತ್ತದೆ ಎಂಬುದು ಈ ಅಧ್ಯಾಯದ ವಾದ.

ಈ ಚಿಕಿತ್ಸೆಯ ಚರಿತ್ರೆ ಶುರುವಾಗುವುದೇ ಜಾಗದ ಆಯ್ಕೆ ತಪ್ಪಿದ ಒಂದು ದುರಂತದಿಂದ. 1920ರ ದಶಕದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಶಾರ್ಲ್ ದುಜಾರಿಯೆ ಒಬ್ಬ ನರ್ತಕಿಯ ಮೀನಖಂಡ ಮತ್ತು ಮೊಣಕಾಲುಗಳ ಕೊಬ್ಬನ್ನು ಹರಿತವಾದ ಉಪಕರಣದಿಂದ ಕೆರೆದು ತೆಗೆಯಲು ಹೋದ. ರಕ್ತನಾಳಗಳಿಗೆ ಪೆಟ್ಟು ಬಿದ್ದು ಕಾಲು ಕೊಳೆಯಿತು, ಕೊನೆಗೆ ಕತ್ತರಿಸಬೇಕಾಯಿತು. ಮೀನಖಂಡದಲ್ಲಿ ಕೊಬ್ಬಿನ ಪದರ ತೆಳು, ಚರ್ಮಕ್ಕೂ ಸ್ನಾಯುವಿಗೂ ನಡುವೆ ಉಪಕರಣ ಆಡಿಸಲು ಜಾಗ ಕಡಿಮೆ. ಮತ್ತೆ ಐವತ್ತು ವರ್ಷ ಈ ದಾರಿಯಲ್ಲಿ ಹೆಚ್ಚಿನ ಮುನ್ನಡೆ ಆಗಲಿಲ್ಲ. 1970ರ ದಶಕದ ನಡುವೆ ರೋಮ್‌ನಲ್ಲಿ ಅರ್ಪಾದ್ ಮತ್ತು ಜಾರ್ಜಿಯೊ ಫಿಶರ್ ಎಂಬ ತಂದೆ-ಮಗ ಕೊಳವೆಯಿಂದ ಕೊಬ್ಬು ಹೀರುವ ಉಪಾಯ ಕಂಡುಕೊಂಡರು. 1977ರ ಹೊತ್ತಿಗೆ ಪ್ಯಾರಿಸ್ಸಿನ ಇವ್-ಜೆರಾರ್ ಇಲ್ಲೂ ಮೊಂಡು ತುದಿಯ ಕೊಳವೆಯನ್ನು ಬಳಕೆಗೆ ತಂದರು. ಮೊಂಡು ತುದಿ ರಕ್ತನಾಳ, ನರಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್, ಜಾಗ ಮರಗಟ್ಟಿಸುವ ಲಿಗ್ನೊಕೇನ್ ಮತ್ತು ಅಡ್ರಿನಲಿನ್ ಅನ್ನು ತುಂಬ ತೆಳುವಾಗಿ ಬೆರೆಸಿದ ಉಪ್ಪುನೀರನ್ನು ಕೊಬ್ಬಿನೊಳಗೆ ಧಾರಾಳವಾಗಿ ತುಂಬಿಸಿ ಆಮೇಲೆ ಹೀರುವ ವಿಧಾನ ಪ್ರಕಟಿಸಿದರು. ನೋವೂ ರಕ್ತಸ್ರಾವವೂ ಬಹಳ ಇಳಿದವು. ಆ ಸುರಕ್ಷತೆಯೇ ಜಾಗಗಳ ಪಟ್ಟಿಯನ್ನು ಉದ್ದ ಮಾಡಿತು. ತೆಗೆಯಲು ಸಾಧ್ಯವಾದ ಜಾಗವೆಲ್ಲ ತೆಗೆಯಬೇಕಾದ ಜಾಗವಾಗಿ ಕಾಣತೊಡಗಿತು.

ಹೊಟ್ಟೆಯಿಂದಲೇ ಆರಂಭಿಸೋಣ, ಏಕೆಂದರೆ ಗೊಂದಲ ಹೆಚ್ಚು ಇರುವುದು ಅಲ್ಲಿ. ಹೊಕ್ಕುಳಿನ ಸುತ್ತ ಹೊರಗಿನಿಂದ ಒಳಗೆ ಹೋದರೆ ಮೊದಲು ಚರ್ಮ, ಅದರಡಿ ಪುಟ್ಟ ಪುಟ್ಟ ಗುಳ್ಳೆಗಳು ಒತ್ತಾಗಿ ಜೋಡಿಸಿದಂತಿರುವ ಮೇಲ್ಪದರದ ಕೊಬ್ಬು. ಆಮೇಲೆ ಸ್ಕಾರ್ಪಾ ಪೊರೆ ಎಂಬ ತೆಳು ಹಾಸು, ಅದರ ಕೆಳಗೆ ಸಡಿಲವಾದ ಆಳದ ಕೊಬ್ಬು, ಆಮೇಲೆ ಸ್ನಾಯುವಿನ ಗೋಡೆ. ಸರ್ಜನ್ನರ ಕೊಳವೆ ಹೆಚ್ಚಾಗಿ ಓಡಾಡುವುದು ಆ ಆಳದ ಪದರದಲ್ಲಿ. ಮೇಲ್ಪದರವನ್ನು ಅತಿಯಾಗಿ ಕೆದಕಿದರೆ ಚರ್ಮ ಅಲೆಅಲೆಯಾಗಿ ಕುಸಿಯುತ್ತದೆ, ರಕ್ತ ಪೂರೈಕೆ ಕೆಡುತ್ತದೆ. ಸ್ನಾಯುವಿನ ಗೋಡೆಯ ಆಚೆ, ಕರುಳಿನ ಮಡಿಕೆಗಳ ನಡುವೆ ಇನ್ನೊಂದು ಕೊಬ್ಬಿದೆ. ಅದು ಕೊಳವೆಗೆ ನಿಷಿದ್ಧ ಪ್ರದೇಶ. ಗೋಡೆ ದಾಟಿದ ಕೊಳವೆ ಕರುಳನ್ನು ಚುಚ್ಚಬಹುದು, ಹಾಗೆ ಚುಚ್ಚಿ ಜೀವ ಹೋದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಹೊಕ್ಕುಳಿನ ಬಳಿಯೋ ಹಳೆಯ ಹೊಲಿಗೆಯ ಗಾಯದ ಬಳಿಯೋ ಹರ್ನಿಯಾ ಇದ್ದರೆ ಗೋಡೆಯಲ್ಲೇ ಕಿಂಡಿ ಇದ್ದ ಹಾಗೆ. ಅದಕ್ಕೇ ಹೊಟ್ಟೆಗೆ ಕೊಳವೆ ಹಾಕುವ ಮುಂಚೆ ಹರ್ನಿಯಾ ಇದೆಯೇ ಎಂದು ಹುಡುಕುವುದು ಕಡ್ಡಾಯ.

ಯಾವ ಕೊಬ್ಬು ಎಷ್ಟಿದೆ ಎಂದು ತಿಳಿಯಲು ಮೊದಲ ಸಾಧನ ಎರಡು ಬೆರಳು. ನಿಂತುಕೊಂಡು ಹೊಟ್ಟೆಯನ್ನು ಚಿವುಟಿ ಹಿಡಿದಾಗ ಬೆರಳುಗಳ ನಡುವೆ ದಪ್ಪ ಮಡಿಕೆ ಸಿಕ್ಕರೆ ಅದು ಗೋಡೆಯ ಹೊರಗಿನ ಕೊಬ್ಬು. ಹೊಟ್ಟೆ ಮಡಕೆಯಂತೆ ಗಟ್ಟಿಯಾಗಿ ಉಬ್ಬಿದ್ದೂ ಚಿವುಟಿದರೆ ತೆಳು ಚರ್ಮವಷ್ಟೇ ಕೈಗೆ ಬಂದರೆ ಉಬ್ಬಿಗೆ ಕಾರಣ ಗೋಡೆಯ ಒಳಗಿದೆ. ಮಲಗಿದಾಗಲೂ ಹೊಟ್ಟೆ ಪಕ್ಕೆಲುಬಿನ ಮಟ್ಟಕ್ಕಿಂತ ಮೇಲೇ ನಿಲ್ಲುತ್ತಿದ್ದರೆ ಅದೂ ಒಳಗಿನ ಕೊಬ್ಬಿನ ಸೂಚನೆ. ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಮೂರನೆಯ ಕಾರಣವೊಂದು ಸೇರಿಕೊಂಡಿರಬಹುದು. ನಡುಗೆರೆಯ ಎರಡೂ ಬದಿಯ ಸ್ನಾಯುಗಳು ಬಸಿರಿನಲ್ಲಿ ದೂರ ಸರಿದು ಹಾಗೇ ಉಳಿದಿದ್ದರೆ, ತೆಳ್ಳಗಿನ ಮೈಯಲ್ಲೂ ಹೊಟ್ಟೆ ಮುಂದೆ ಬರುತ್ತದೆ. ಆ ಉಬ್ಬಿಗೆ ಹೀರುವ ಕೊಳವೆಯಿಂದ ಏನೂ ಆಗದು. ಅದಕ್ಕೆ ವ್ಯಾಯಾಮ, ಅಥವಾ ಸ್ನಾಯುಗಳನ್ನು ಸೇರಿಸಿ ಹೊಲಿಯುವ ಬೇರೆಯದೇ ಶಸ್ತ್ರಚಿಕಿತ್ಸೆ ಬೇಕು.

ಭಾರತೀಯರ ವಿಷಯದಲ್ಲಿ ಈ ಭೇದ ಇನ್ನಷ್ಟು ಮುಖ್ಯ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು, ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್, ತಮ್ಮದೇ ಫೋಟೊ ಹಾಕಿಸಿ ಒಂದು ಪುಟ್ಟ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ ಕೂಡ 22.3. ತಕ್ಕಡಿ ಮತ್ತು ಅಳತೆ ಪಟ್ಟಿಯ ಲೆಕ್ಕದಲ್ಲಿ ಇಬ್ಬರೂ ಒಂದೇ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನೋಡಲು ಸಣಕಲಾದರೂ ಒಳಗೆ ಕೊಬ್ಬು ಹೊತ್ತ ಈ ಮೈಕಟ್ಟು ನಮ್ಮ ಉಪಖಂಡದಲ್ಲಿ ಸಾಮಾನ್ಯ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಅದೊಂದೇ ಜಾಗದಲ್ಲಿ ಕೊಬ್ಬು ಇರುವುದರಿಂದ ಅಲ್ಲಿಂದ ತೆಗೆದರೆ ಸಾಕು ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಗೋಡೆಯ ಒಳಗಿನ ಪಾಲು ದೊಡ್ಡದಿರುವ ಸಂಭವವೂ ಅವರಲ್ಲೇ ಹೆಚ್ಚು.

ಹೊರಗಿನ ಕೊಬ್ಬನ್ನಾದರೂ ತೆಗೆದರೆ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಅಷ್ಟಿಷ್ಟು ಅನುಕೂಲವಾಗಬಾರದೇಕೆ ಎಂದು ಕೇಳಬಹುದು. ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸ್ಥೂಲಕಾಯದ 15 ಹೆಂಗಸರಿದ್ದರು, ಅವರಲ್ಲಿ 7 ಮಂದಿಗೆ ಟೈಪ್ 2 ಮಧುಮೇಹ. ಹೊಟ್ಟೆಯಿಂದ ಸರಾಸರಿ 9ರಿಂದ 10 ಕಿಲೊ ಕೊಬ್ಬು ತೆಗೆಯಲಾಯಿತು. ಸಾಮಾನ್ಯ ಲಿಪೊಸಕ್ಷನ್ನಿನಲ್ಲಿ ಯಾರೂ ಕೈಹಾಕದಷ್ಟು ದೊಡ್ಡ ಪ್ರಮಾಣ ಇದು. ಹತ್ತು-ಹನ್ನೆರಡು ವಾರಗಳ ನಂತರ ಅಳೆದು ನೋಡಿದರೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಬಗೆ, ರಕ್ತದೊತ್ತಡ, ಕೊಲೆಸ್ಟರಾಲ್, ಉರಿಯೂತದ ಗುರುತುಗಳು ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಊಟ ತಿದ್ದಿ, ನಡೆದು, ಇದಕ್ಕಿಂತ ಕಡಿಮೆ ತೂಕ ಇಳಿಸಿದವರಲ್ಲೂ ಇವೆಲ್ಲ ಸುಧಾರಿಸುತ್ತವೆ. ಉಪವಾಸ ಅಥವಾ ದುಡಿಮೆಯಿಂದ ತೂಕ ಇಳಿದಾಗ ಕೊಬ್ಬಿನ ಕೋಶಗಳು ಅಷ್ಟಷ್ಟು ಬರಿದಾಗುತ್ತವೆ, ಪಿತ್ತಜನಕಾಂಗದ ಕೊಬ್ಬೂ ಸ್ನಾಯುವಿನೊಳಗಿನ ಕೊಬ್ಬೂ ಕರಗುತ್ತದೆ. ಕೊಳವೆ ಹಾಗೆ ಬರಿದು ಮಾಡುವುದಿಲ್ಲ, ಒಂದು ಜಾಗದ ಕೋಶಗಳನ್ನು ಕಿತ್ತೊಯ್ಯುತ್ತದೆ, ಉಳಿದವು ತುಂಬಿದಷ್ಟೇ ತುಂಬಿರುತ್ತವೆ. ಲಿಪೊಸಕ್ಷನ್ ನಂತರ ರಕ್ತದ ಕೆಲವು ಅಂಶಗಳು ತುಸು ಇಳಿದವು ಎಂದು ಹೇಳುವ ವರದಿಗಳೂ ಇಲ್ಲದಿಲ್ಲ. ಆದರೆ ಶಸ್ತ್ರಚಿಕಿತ್ಸೆಯಾದವರು ಆಮೇಲೆ ಊಟ-ತಿಂಡಿಯಲ್ಲೂ ಎಚ್ಚರ ವಹಿಸುವುದರಿಂದ, ಹೋಲಿಕೆಯ ಗುಂಪಿಲ್ಲದ ವರದಿಗಳ ಮೇಲೆ ಜಾಗವನ್ನು ಆರಿಸುವುದು ಸರಿಯಲ್ಲ. ಆರೋಗ್ಯದ ಕಾರಣಕ್ಕೆ ಹೊಟ್ಟೆಯ ಕೊಬ್ಬು ಹೀರಿಸುತ್ತೇನೆ ಎಂಬ ಮಾತಿಗೆ ಇಂದು ಆಧಾರವಿಲ್ಲ.

ಈಗ ತೊಡೆ ಮತ್ತು ಸೊಂಟದ ಕೆಳಭಾಗಕ್ಕೆ ಬರೋಣ. 1947ರಲ್ಲಿ ಮಾರ್ಸೇಯ್‌ನ ವೈದ್ಯ ಜಾನ್ ವಾಗ್, ಕೊಬ್ಬು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ ಎಂದು ತೋರಿಸಿಕೊಟ್ಟರು. ಮೇಲುಮೈಯಲ್ಲಿ ಕೂಡಿದ ಕೊಬ್ಬಿಗೆ ಮಧುಮೇಹ, ಹೃದ್ರೋಗಗಳ ನಂಟಿದೆ, ತೊಡೆ-ಪಿರ್ರೆಗಳಲ್ಲಿ ಕೂಡಿದ ಕೊಬ್ಬಿಗೆ ಅದು ಬಹಳ ಕಡಿಮೆ. ಮುಂದೆ ಬಂದ ಅಧ್ಯಯನಗಳು ಇನ್ನೂ ಮುಂದಕ್ಕೆ ಹೋಗಿ, ತೊಡೆಯ ಕೊಬ್ಬು ರಕ್ತದಲ್ಲಿ ಅಲೆಯುವ ಕೊಬ್ಬಿನಾಮ್ಲಗಳನ್ನು ಹಿಡಿದಿಟ್ಟು ಪಿತ್ತಜನಕಾಂಗವನ್ನು ಕಾಯುತ್ತದೆ ಎನ್ನುವಲ್ಲಿಗೆ ತಲುಪಿವೆ. ಹಿಡಿದಿಟ್ಟದ್ದನ್ನು ಅದು ಸುಲಭವಾಗಿ ಬಿಡುವುದೂ ಇಲ್ಲ. ಹೆಂಗಸರ ತೊಡೆಯ ಕೊಬ್ಬಿನ ಕೋಶಗಳ ಮೇಲೆ ಆಲ್ಫಾ-2 ಎಂಬ ಗ್ರಾಹಕಗಳು ಹೆಚ್ಚು. ಅಡ್ರಿನಲಿನ್ ‘ಕರಗಿಸು’ ಎಂದು ಕೂಗಿದಾಗ ಇವು ಆ ಕೂಗಿಗೆ ತಡೆಯೊಡ್ಡುತ್ತವೆ. ಎಷ್ಟು ನಡೆದರೂ ಮುಖ ಸಣ್ಣಗಾಗಿ, ಎದೆ ಇಳಿದು, ತೊಡೆ ಮಾತ್ರ ಹಾಗೇ ಉಳಿಯಿತು ಎಂಬ ದೂರಿಗೆ ಇಂಥ ಜೈವಿಕ ಕಾರಣವಿದೆ. ಆ ಭಾಗಕ್ಕೇ ಕಸರತ್ತು ಮಾಡಿ ಕರಗಿಸುತ್ತೇನೆಂದರೂ ಆಗದು. 1971ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದರು. ರಾಕೆಟ್ ಹಿಡಿದು ವರ್ಷಗಟ್ಟಲೆ ದುಡಿದ ತೋಳಿನ ಸ್ನಾಯು ದಪ್ಪವಾಗಿತ್ತು, ಆದರೆ ಚರ್ಮದಡಿಯ ಕೊಬ್ಬಿನ ದಪ್ಪ ಎರಡೂ ತೋಳಿನಲ್ಲಿ ಒಂದೇ.

ಇಲ್ಲಿ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ. ಆಕಾರದ ದೃಷ್ಟಿಯಿಂದ ಲಿಪೊಸಕ್ಷನ್ನಿಗೆ ಅತ್ಯಂತ ಒಗ್ಗುವ ಕೊಬ್ಬು ತೊಡೆಯ ಹೊರಬದಿಯದು, ಸೊಂಟದ ಹಿಂಬದಿಯದು. ಅಲ್ಲಿ ಆಳದ ಪದರ ದಪ್ಪ, ಚರ್ಮ ಗಟ್ಟಿ, ಪಥ್ಯಕ್ಕೆ ಕರಗದ ಹಟ. ಆರೋಗ್ಯದ ದೃಷ್ಟಿಯಿಂದ ಅತ್ಯಂತ ನಿರಪಾಯಕಾರಿ ಕೊಬ್ಬೂ ಅದೇ. ಅಪಾಯ ತರುವ ಕೊಬ್ಬು ಕೊಳವೆಗೆ ಎಟುಕುವುದಿಲ್ಲ, ಎಟುಕುವುದರಿಂದ ಅಪಾಯ ಕಡಿಮೆ. ಹೀಗಾಗಿ ಯಾವ ಜಾಗ ಎಂಬುದು ಪೂರ್ತಿಯಾಗಿ ಆಕಾರದ, ಅಳತೆಯ, ಹೊಂದಾಣಿಕೆಯ ಪ್ರಶ್ನೆ. ಅದನ್ನು ಹಾಗೆಂದೇ ಒಪ್ಪಿಕೊಂಡು ಮಾತು ಶುರುಮಾಡಿದರೆ ವೈದ್ಯರಿಗೂ ಬಂದವರಿಗೂ ಒಳ್ಳೆಯದು. ಆಕಾರದ ಬಯಕೆಯಲ್ಲಿ ತಪ್ಪೇನಿಲ್ಲ. ಅದನ್ನು ರೋಗದ ಭಾಷೆಯಲ್ಲಿ ಮುಚ್ಚಿಟ್ಟಾಗ ಜಾಗದ ಆಯ್ಕೆ ದಾರಿ ತಪ್ಪುತ್ತದೆ.

ತೆಗೆದ ಕೋಶ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಎಲ್ಲಿ ತೆಗೆದರೂ ಅದು ಶಾಶ್ವತ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ. 2008ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು, ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ರ ಜಾಡು ಹಿಡಿದು ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲಿ ನಿಗದಿಯಾಗುತ್ತದೆ, ದೊಡ್ಡವರಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಆದರೆ ಅವೇ ಕೋಶಗಳು ಉಳಿದಿರುವುದಿಲ್ಲ. ವರ್ಷಕ್ಕೆ ಶೇ. 10ರಷ್ಟು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಅಂದರೆ ದೇಹ ಈ ಲೆಕ್ಕವನ್ನು ಕಾಯ್ದುಕೊಳ್ಳುತ್ತಿದೆ. ಲೆಕ್ಕ ಏರುಪೇರಾದರೆ ಏನಾಗುತ್ತದೆ ಎಂಬುದಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನ 2011ರಲ್ಲಿ ಬಂತು. ಸ್ಥೂಲಕಾಯವಿಲ್ಲದ 32 ಹೆಂಗಸರಲ್ಲಿ 14 ಮಂದಿಗೆ ತೊಡೆ, ಸೊಂಟ, ಕೆಳಹೊಟ್ಟೆಯ ಕೊಬ್ಬನ್ನು ಹೀರಲಾಯಿತು, 18 ಮಂದಿ ಹೋಲಿಕೆಗಾಗಿ ಹಾಗೇ ಉಳಿದರು. ಆರು ವಾರಕ್ಕೆ ಎದ್ದು ಕಂಡ ವ್ಯತ್ಯಾಸ ಒಂದು ವರ್ಷದಲ್ಲಿ ಅಳಿಸಿಹೋಗಿ, ಮೈಯ ಒಟ್ಟು ಕೊಬ್ಬು ಎರಡೂ ಗುಂಪಿನಲ್ಲಿ ಸಮವಾಯಿತು. ತೊಡೆಗಳು ಸಣ್ಣಗೇ ಉಳಿದವು, ಕೊಬ್ಬು ಹಿಂದಿರುಗಿದ್ದು ಮುಖ್ಯವಾಗಿ ಹೊಟ್ಟೆಗೆ. ಮರುವರ್ಷ ಬ್ರೆಜಿಲ್‌ನ ಸಾವೊ ಪಾಲೊದಿಂದ ಬಂದ ವರದಿ ಇನ್ನೂ ಯೋಚನೆಗೆ ಹಚ್ಚುವಂಥದು. ಹೊಟ್ಟೆಯಿಂದ ಅಲ್ಪ ಪ್ರಮಾಣದ ಕೊಬ್ಬು ತೆಗೆಸಿಕೊಂಡ ಹೆಂಗಸರಲ್ಲಿ ವ್ಯಾಯಾಮ ಮಾಡದವರಿಗೆ ಆರು ತಿಂಗಳಲ್ಲಿ ಗೋಡೆಯ ಒಳಗಿನ ಕೊಬ್ಬು ಶೇ. 10ರಷ್ಟು ಹೆಚ್ಚಿತು. ವ್ಯಾಯಾಮ ಮಾಡಿದವರಲ್ಲಿ ಆ ಹೆಚ್ಚಳ ಇರಲಿಲ್ಲ.

ಈ ಅಧ್ಯಯನಗಳೆಲ್ಲ ಚಿಕ್ಕವು, ಅವುಗಳಲ್ಲಿದ್ದವರೆಲ್ಲ ಹೆಂಗಸರು, ನಮ್ಮ ಮೈಕಟ್ಟಿನವರಲ್ಲ. ಹದಿನೈದು, ಮೂವತ್ತೆರಡು ಮಂದಿಯ ಮೇಲೆ ಇಷ್ಟು ದೊಡ್ಡ ತೀರ್ಮಾನ ಕಟ್ಟಬಹುದೇ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ. ಆದರೂ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಪ್ರಶ್ನೆ ಹಿಡಿದು ಹೊರಟ ಇವು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಮೈಯ ಕೊಬ್ಬು ಒಂದೇ ಕುಟುಂಬದ ಲೆಕ್ಕ, ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಜಮೆಯಾಗಬಹುದು. ಆದ್ದರಿಂದ ತೊಡೆಯೇ ಎಂದು ಒಂದು ಜಾಗವನ್ನು ಆರಿಸುವಾಗ ಹೊಟ್ಟೆಯ ಬಗ್ಗೆಯೂ ನಿರ್ಧಾರ ಮಾಡುತ್ತಿದ್ದೇವೆ. ಅಪ್ಪ-ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದು, ಸೊಂಟದ ಸುತ್ತಳತೆ ಭಾರತೀಯರಿಗೆ ಹೇಳಿದ ಮಿತಿಯ ಹತ್ತಿರವಿರುವವರು (ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90) ಕಾಪಾಡುವ ಗುಣವಿರುವ ತೊಡೆಯ ಕೊಬ್ಬನ್ನು ಬಹಳಷ್ಟು ತೆಗೆಸುವ ಮೊದಲು ಎರಡು ಸಲ ಯೋಚಿಸಬೇಕು. ತೂಕ ಕೆಲವು ತಿಂಗಳಿಂದ ಸ್ಥಿರವಾಗಿರಬೇಕು ಎಂದು ಸರ್ಜನ್ನರು ಪಟ್ಟು ಹಿಡಿಯುವುದು ಈ ಕಾರಣಕ್ಕೂ ಹೌದು.

ಕೊಬ್ಬಿನಷ್ಟೇ ನಿರ್ಣಾಯಕವಾದದ್ದು ಅದನ್ನು ಹೊದ್ದ ಚರ್ಮ. ಒಳಗಿನದು ಖಾಲಿಯಾದಾಗ ಚರ್ಮ ತಾನಾಗಿ ಕುಗ್ಗಿ ಹೊಸ ಅಳತೆಗೆ ಒಗ್ಗಬೇಕು. ತೊಡೆಯ ಹೊರಬದಿ, ಬೆನ್ನು, ಎಳೆಯ ವಯಸ್ಸಿನವರ ಗದ್ದದ ಕೆಳಭಾಗ ಇದರಲ್ಲಿ ಚೆನ್ನಾಗಿ ಸಹಕರಿಸುತ್ತವೆ. ಒಳತೊಡೆ, ಮೇಲ್ತೋಳಿನ ಒಳಭಾಗ, ಬಸಿರಿನ ಬಿರುಕು ಗೆರೆಗಳು ತುಂಬಿದ ಕೆಳಹೊಟ್ಟೆ ಸಹಕರಿಸುವುದು ಕಡಿಮೆ. ಅಲ್ಲಿ ಕೊಬ್ಬೇ ಚರ್ಮವನ್ನು ಎತ್ತಿ ಹಿಡಿದಿರುತ್ತದೆ, ಅದನ್ನು ತೆಗೆದರೆ ಗಾಳಿ ಹೋದ ಚೀಲದಂತೆ ಜೋಲುತ್ತದೆ. ಅಲ್ಟ್ರಾಸೌಂಡ್, ಲೇಸರ್, ರೇಡಿಯೊ ತರಂಗಗಳ ಹೊಸ ಯಂತ್ರಗಳು ಚರ್ಮವನ್ನೂ ಬಿಗಿ ಮಾಡುತ್ತವೆ, ಆದ್ದರಿಂದ ಈ ಹಳೆಯ ಮಿತಿಗಳು ಮುಗಿದ ಕತೆ ಎಂಬ ವಾದವಿದೆ. ಬಿಸಿ ತಗುಲಿದ ಕಾಲಜನ್ ನಾರುಗಳು ಕುಗ್ಗುವುದು ನಿಜ, ಸಾಧಾರಣ ಸಡಿಲಿಕೆಗೆ ಅದರಿಂದ ಪ್ರಯೋಜನವಿದೆ. ಆದರೆ ಕೈತುಂಬ ಜೋಲುವ ಚರ್ಮವನ್ನು ಯಾವ ಯಂತ್ರವೂ ಮಾಯ ಮಾಡುವುದಿಲ್ಲ, ಮಿತಿ ಮೀರಿದ ಬಿಸಿ ಒಳಗಿನಿಂದಲೇ ಸುಡಬಹುದು. ಅಂಥ ಕಡೆ ಚರ್ಮವನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಬೇಕು, ಅದರ ಉದ್ದನೆಯ ಗಾಯದ ಗೆರೆಯನ್ನು ಒಪ್ಪಿಕೊಳ್ಳಬೇಕು. ಅದು ಬೇಡವೆಂದರೆ ಆ ಜಾಗವನ್ನು ಮುಟ್ಟದಿರುವುದೇ ಮೇಲು.

ಮುಟ್ಟಲೇಬಾರದ ಕೆಲವು ಗಡಿಗಳೂ ಇವೆ. ಚರ್ಮ ತನ್ನಡಿಯ ಗಟ್ಟಿ ಪೊರೆಗೆ ನಾರುಗಳಿಂದ ಅಂಟಿಕೊಂಡ ಜಾಗಗಳಿವು. ಪಿರ್ರೆಯ ಕೆಳಗಿನ ಮಡಿಕೆಗೆರೆ, ಪಿರ್ರೆಯ ಪಕ್ಕದ ತಗ್ಗು, ಒಳತೊಡೆಯ ನಡುಭಾಗ, ತೊಡೆಯ ಹಿಂಬದಿಯ ಕೆಳಭಾಗ, ಮೊಣಕಾಲಿನ ಮೇಲೆ ತೊಡೆಯ ಹೊರಬದಿ. ಅಂಟು ಬಿಡಿಸಿದರೆ ಅಲ್ಲಿ ಕಾಯಂ ಗುಳಿ ಬೀಳುತ್ತದೆ. ಪಿರ್ರೆಯ ಕೆಳಗೆ ಬಾಳೆಹಣ್ಣಿನಂತೆ ಉಬ್ಬಿದ ಮಡಿಕೆಯೊಂದು ಹಲವರಲ್ಲಿ ಇರುತ್ತದೆ, ತೆಗೆಸಿಬಿಡೋಣ ಅನ್ನಿಸುವಂಥದು. ಪಿರ್ರೆ ಕುಳಿತಿರುವುದೇ ಆ ಮಡಿಕೆಯ ಆಸರೆಯ ಮೇಲೆ, ಹೆಚ್ಚು ತೆಗೆದರೆ ಮೇಲಿನದು ಜಾರುತ್ತದೆ.

ಆರೋಗ್ಯಕ್ಕೂ ಈ ಚಿಕಿತ್ಸೆಗೂ ಸಂಬಂಧವೇ ಇಲ್ಲ ಎಂದರೂ ತಪ್ಪಾದೀತು, ಏಕೆಂದರೆ ಕೆಲವು ಸಲ ರೋಗವೇ ಜಾಗವನ್ನು ಆರಿಸಿಕೊಡುತ್ತದೆ. 1940ರಲ್ಲಿ ಮೇಯೊ ಕ್ಲಿನಿಕ್ಕಿನ ಅಲೆನ್ ಮತ್ತು ಹೈನ್ಸ್ ವಿವರಿಸಿದ ಲಿಪಿಡೀಮಾ ಎಂಬ ಕಾಯಿಲೆಯಲ್ಲಿ ಹೆಂಗಸರ ಎರಡೂ ಕಾಲುಗಳಲ್ಲಿ ಸೊಂಟದಿಂದ ಹರಡಿಗಂಟಿನವರೆಗೆ ಕೊಬ್ಬು ತುಂಬಿ, ಪಾದ ಮಾತ್ರ ಸಣ್ಣಗೇ ಉಳಿಯುತ್ತದೆ. ಮುಟ್ಟಿದರೆ ನೋವು, ಚೂರು ತಗುಲಿದರೆ ಕಂದು ಕಲೆ, ಪಥ್ಯಕ್ಕೆ ಜಗ್ಗದು. ಇಂಥವರಿಗೆ ಕಾಲಿನ ಕೊಬ್ಬು ತೆಗೆಯುವುದು ನೋವಿಗೆ ಮಾಡುವ ಚಿಕಿತ್ಸೆ. ದಪ್ಪ ಕಾಲೆಂದು ಅವರನ್ನು ಸೋಮಾರಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಗಂಡಸರ ಎದೆಯ ವಿಷಯ ಬೇರೆ. ಉಬ್ಬಿರುವುದು ಕೊಬ್ಬೋ ಗ್ರಂಥಿಯೋ ಎಂದು ಮೊದಲು ತಿಳಿಯಬೇಕು. ಮೊಲೆತೊಟ್ಟಿನಡಿ ರಬ್ಬರಿನ ಬಿಲ್ಲೆಯಂತೆ ಕೈಗೆ ಸಿಕ್ಕರೆ ಅದು ಗ್ರಂಥಿ. ಮೆತ್ತನೆಯ ಕೊಬ್ಬಿನಂತೆ ಅದು ಕೊಳವೆಗೆ ಬರುವುದಿಲ್ಲ, ಸಾಮಾನ್ಯವಾಗಿ ಕತ್ತರಿಸಿ ತೆಗೆಯಬೇಕಾಗುತ್ತದೆ. ಹರೆಯದ ಹುಡುಗರಲ್ಲಾದರೆ ಅದು ಎರಡು ವರ್ಷದಲ್ಲಿ ಬಹುಮಟ್ಟಿಗೆ ತಾನೇ ಇಳಿಯುತ್ತದೆ, ಕಾಯುವುದೇ ಚಿಕಿತ್ಸೆ.

ಹೇಗೂ ಅರಿವಳಿಕೆ ಕೊಡುತ್ತಾರೆ, ಹೊಟ್ಟೆ, ತೊಡೆ, ತೋಳು ಎಲ್ಲ ಒಟ್ಟಿಗೆ ಮುಗಿಸಿದರೆ ಖರ್ಚೂ ಉಳಿಯುತ್ತದೆ ಎಂಬ ಲೆಕ್ಕಾಚಾರ ಅತ್ಯಂತ ಅಪಾಯಕಾರಿ. ಜಾಗಗಳು ಹೆಚ್ಚಿದಂತೆ ತುಂಬಿಸುವ ದ್ರಾವಣ ಹೆಚ್ಚುತ್ತದೆ. ಲಿಗ್ನೊಕೇನಿಗೆ ಜೆಫ್ರಿ ಕ್ಲೈನ್ ಹಾಕಿದ ಮಿತಿ ಕಿಲೊ ದೇಹತೂಕಕ್ಕೆ 35 ಮಿಲಿಗ್ರಾಂ. 50 ಕಿಲೊ ತೂಗುವವರಿಗೆ 1750 ಮಿಲಿಗ್ರಾಂ, ಆ ಮಿತಿಯನ್ನೇ ಎಲ್ಲ ಜಾಗಗಳಿಗೂ ಹಂಚಬೇಕು. ಹೀರಿದ್ದು ಒಟ್ಟು 5 ಲೀಟರ್ ದಾಟಿದರೆ ಅದು ಆಸ್ಪತ್ರೆಯಲ್ಲಿ ರಾತ್ರಿಯಿಡೀ ನಿಗಾ ಬೇಡುವ ದೊಡ್ಡ ಶಸ್ತ್ರಚಿಕಿತ್ಸೆ. 1994ರಿಂದ 1998ರವರೆಗೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರು ಮಾಡಿದ ಸುಮಾರು 4,96,000 ಲಿಪೊಸಕ್ಷನ್‌ಗಳ ಸಮೀಕ್ಷೆಯೊಂದು 95 ಸಾವುಗಳನ್ನು ಎಣಿಸಿತು, ಅವುಗಳ ಕಾರಣಗಳಲ್ಲಿ ಮೊದಲ ಸ್ಥಾನ ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಅಡರುವುದರದು. ಅದು ಇಪ್ಪತ್ತೈದು ವರ್ಷಕ್ಕೂ ಹಳೆಯ ಲೆಕ್ಕ, ಆಮೇಲೆ ಎಚ್ಚರಿಕೆ ಹೆಚ್ಚಿದೆ. ಆದರೂ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ ಮೈಯ ಯಾವ ಮಡಿಕೆಯೂ ಜೀವದ ಬೆಲೆಯದಲ್ಲ.

ಮೈ ಅವರದು, ದುಡ್ಡು ಅವರದು, ಯಾವ ಜಾಗ ಬೇಕೆಂದು ಅವರೇ ಹೇಳಲಿ ಎಂಬುದು ಕೊನೆಯ ಆಕ್ಷೇಪ, ಬಲವಾದದ್ದೂ ಹೌದು. ಏನು ಬೇಕು ಎಂಬುದು ಖಂಡಿತ ಅವರ ಹಕ್ಕು. ಆದರೆ ಆ ಬೇಕಾದದ್ದು ಕೊಳವೆಯಿಂದ ಸಿಗುತ್ತದೆಯೇ ಎಂಬುದನ್ನು ಚರ್ಮ, ಪೊರೆ, ಕೋಶಗಳು ನಿರ್ಧರಿಸುತ್ತವೆ, ಅದನ್ನು ಓದಿ ಹೇಳುವುದು ಸರ್ಜನ್ನರ ಕರ್ತವ್ಯ. ಒಳ್ಳೆಯ ಸರ್ಜನ್ ಇದನ್ನು ಬಾಯಲ್ಲಿ ಹೇಳಿ ಬಿಡುವುದಿಲ್ಲ, ಮೈ ಮೇಲೇ ಬರೆದು ತೋರಿಸುತ್ತಾರೆ. ಅರಿವಳಿಕೆಗೆ ಮುಂಚೆ, ನಿಂತಿರುವಾಗಲೇ, ಏಕೆಂದರೆ ಮಲಗಿದರೆ ಕೊಬ್ಬು ಜಾರಿ ಉಬ್ಬುಗಳೇ ಜಾಗ ಬದಲಿಸುತ್ತವೆ. ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಸುತ್ತುಗೆರೆಗಳ ಹಾಗೆ, ಹೆಚ್ಚು ತೆಗೆಯಬೇಕಾದ ನಡುವಿನಿಂದ ಏನೂ ತೆಗೆಯಬಾರದ ಅಂಚಿನವರೆಗೆ ಪೆನ್ನಿನಿಂದ ಸುತ್ತು ಹಾಕುತ್ತಾರೆ. ಅಂಟಿಕೊಂಡ ಜಾಗಗಳಿಗೆ, ತಗ್ಗುಗಳಿಗೆ ಬೇರೆ ಗುರುತು, ಅಲ್ಲಿ ಕೊಳವೆ ಸುಳಿಯಬಾರದು. ಆ ಹೊತ್ತಿನಲ್ಲಿ ಕನ್ನಡಿಯ ಮುಂದೆ ಇಬ್ಬರೂ ನಿಂತು, ಈ ಗೆರೆ ಇಲ್ಲೇಕೆ, ಆ ಜಾಗಕ್ಕೆ ಗೆರೆ ಯಾಕಿಲ್ಲ ಎಂದು ಒಂದೊಂದಾಗಿ ಕೇಳಿ ತಿಳಿಯಲು ಇನ್ನೂ ಸಮಯವಿರುತ್ತದೆ.